‘ಸುಳ್ಳು’ ಅನ್ನಲು ಹತ್ತೊಂಬತ್ತು ಸೆಕೆಂಡು

ಆ ಚಳಿಗಾಲದಲ್ಲಿ ಸ್ಪೀಡಪ್ಪ ಒಂಬತ್ತು ದಿನ ಬಿಡದೆ ಬೆಳಗ್ಗೆ ಏಳಕ್ಕೆ ಹೆಂಡತಿಯ ಅಣ್ಣನ ಮನೆ ಬಾಗಿಲು ತಟ್ಟಿದ. ಬಾಗಿಲು ತೆಗೆಯುತ್ತಿದ್ದವಳು ಆ ಅಣ್ಣನ ಹೆಂಡತಿ. ಅವಳನ್ನು ಇವನು ಅಕ್ಕ ಎಂದೇ ಕರೆಯುತ್ತಿದ್ದ. ಮೊದಲ ಎಂಟು ದಿನವೂ ಅವಳು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು.

“ಕಂಪ್ಯೂಟರ್ ಫ್ಯಾನು ತಿರುಗುತ್ತೆ, ನಿಲ್ಲುತ್ತೆ. ತಿರುಗುತ್ತೆ, ನಿಲ್ಲುತ್ತೆ. ಆಮೇಲೆ ನಿನ್ನ ಭಾವನ ಹಾಗೆ ಸುಮ್ಮನೆ ನೋಡ್ತಾ ಕೂತ್ಕೊಳುತ್ತೆ.”

ಸ್ಪೀಡಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಭಾವ ಅಂಟಿಸಿದ್ದು. ಬಸ್ ಡಿಪೋದ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಹೊಟ್ಟೆಪಾಡಿಗೆ ರಿಪೇರಿ, ಹುಚ್ಚಿಗೆ ಓವರ್‌ಕ್ಲಾಕಿಂಗ್. ಒಂದು ಪ್ರೊಸೆಸರ್ ಇಷ್ಟೇ ವೇಗದಲ್ಲಿ ಓಡಲಿ ಎಂದು ಕಂಪನಿಯವರು ಗೆರೆ ಎಳೆದು ಕಳಿಸಿದ್ದರೆ ಇವನು ಆ ಗೆರೆ ದಾಟಿಸುವವನು. ಒಂದಿಷ್ಟು ವೋಲ್ಟೇಜ್ ಹೆಚ್ಚಿಸುವುದು, ಒಂದಿಷ್ಟು ವೇಗ ಏರಿಸುವುದು, ಯಂತ್ರ ಮೊಂಡುಬಿದ್ದರೆ ಅರ್ಧ ಹೆಜ್ಜೆ ಹಿಂದೆ ಬಂದು ಮತ್ತೆ ಏರಿಸುವುದು. ಮದುವೆಯಾದ ಹೊಸತರಲ್ಲಿ ಫ್ರಿಜ್ಜಿನ ಐಸನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಪ್ರೊಸೆಸರ್ ತಣ್ಣಗಿಡಲು ಹೋಗಿ ಮನೆಯ ಫ್ಯೂಸ್ ಸುಟ್ಟುಹಾಕಿದ್ದ. “ನನ್ನ ತಂಗೀನ ಕತ್ತಲಲ್ಲಿ ಕೂರಿಸಿದ ಸ್ಪೀಡಪ್ಪ ಇವನೇ ನೋಡಿ” ಎಂದು ಭಾವ ನಾಲ್ಕು ಜನರೆದುರು ಪರಿಚಯಿಸಿದ. ಆಮೇಲೆ ಆ ಹೆಸರು ಅಂಗಡಿಯ ಬೋರ್ಡಿಗೂ ಏರಿತು.

ಭಾವ ಹರಾಜು ಕೂಗುವವನು, ಸವಾಲು ಏರುವಷ್ಟು ಏರಿಸಿ ಕೊನೆಗೆ ಸುತ್ತಿಗೆ ಹೊಡೆದು ಮುಗಿಸುವವನು. ಕೆಡವಿದ ಮನೆಗಳ ಬಾಗಿಲು, ಹಳೆಯ ಬೀರು, ಮುಚ್ಚಿಹೋದ ಆಫೀಸುಗಳ ಮೇಜು ಕುರ್ಚಿ, ಇಂಥವೇ ಅವನ ಸರಕು. ಹಿಂದೆ ಮುಂದೆ ನೋಡುವ ಗಿರಾಕಿಯನ್ನು ಅವನು ಮಾತಿನಲ್ಲೇ ಚುಚ್ಚಿ ಎಬ್ಬಿಸುತ್ತಿದ್ದ. “ಮೂಲೇಲಿರೋ ಸ್ವಾಮಿ, ಕೈ ಎತ್ತಿದ್ರೋ, ಕಂಕುಳ ಕೆರ್ಕೊಂಡ್ರೋ?” ಎಂದು ಅವನು ಕೇಳಿದರೆ ಇಡೀ ಹಜಾರ ನಗುತ್ತಿತ್ತು, ಮೂಲೆಯ ಸ್ವಾಮಿ ಮಾನ ಉಳಿಸಿಕೊಳ್ಳಲು ನಿಜವಾಗಿಯೇ ಕೈ ಎತ್ತುತ್ತಿದ್ದ. ಆ ಕೆಲಸದಲ್ಲಿ ಬಾಯಿ ಮುಖ್ಯ, ಬಾಯಿಗಿಂತ ಹೊತ್ತು ಮುಖ್ಯ. ಅದೇ ಮಾತನ್ನು ಮೂರು ಉಸಿರು ತಡವಾಗಿ ಆಡಿದರೆ ಯಾರೂ ನಗುವುದಿಲ್ಲ, ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ.

ನರಗಳ ಕಾಯಿಲೆ ಅವನಲ್ಲಿ ಮೊದಲು ಹಿಡಿದದ್ದು ನಾಲಿಗೆಯನ್ನೇ. ಬೇರೆಯವರಿಗೆ ಕಾಲಿನಿಂದ ಶುರುವಾಗುವುದುಂಟು ಎಂದು ಡಾಕ್ಟರು ಹೇಳಿದರು. ಅದನ್ನು ಸಮಾಧಾನಕ್ಕೆ ಹೇಳಿದರೋ ಸುಮ್ಮನೆ ಹೇಳಿದರೋ ಯಾರಿಗೂ ತಿಳಿಯಲಿಲ್ಲ. ಎರಡು ವರ್ಷದಲ್ಲಿ ಕೈ, ಕಾಲು, ಕುತ್ತಿಗೆ ಎಲ್ಲ ಒಂದೊಂದಾಗಿ ಹೋದವು. ಉಳಿದದ್ದು ಕಣ್ಣು.

ಕಣ್ಣಿಗೆ ಒಂದು ಕಂಪ್ಯೂಟರ್ ಬಂತು. ಪರದೆಯ ಕೆಳಗೆ ಬೆರಳುದ್ದದ ಕ್ಯಾಮೆರಾ, ಪರದೆಯ ಮೇಲೆ ಅಕ್ಷರಗಳ ಮನೆಗಳು. ಯಾವ ಮನೆಯ ಮೇಲೆ ಕಣ್ಣು ಸ್ವಲ್ಪ ಹೊತ್ತು ನೆಟ್ಟಿರುತ್ತದೋ ಆ ಅಕ್ಷರ ಮೂಡುತ್ತದೆ. ಕೊಂಬಿಗೆ ಒಂದು ನೋಟ, ಒತ್ತಿಗೆ ಇನ್ನೊಂದು ನೋಟ, ಕೊನೆಗೆ ‘ಹೇಳು’ ಎಂಬ ಹಸಿರು ಮನೆಯ ಮೇಲೊಂದು ನೋಟ. ಆಗ ಧ್ವನಿ ಬರುತ್ತದೆ. ಧ್ವನಿ ಭಾವನದೇ. ತಕರಾರಿಗೆ ಇರಲಿ ಎಂದು ಹರಾಜು ಹಜಾರದವರು ವರ್ಷಗಟ್ಟಲೆ ರೆಕಾರ್ಡ್ ಮಾಡಿಟ್ಟಿದ್ದ ಅವನ ಕೂಗನ್ನೇ ಅರೆದು ಆಸ್ಪತ್ರೆಯವರು ಅದನ್ನು ತಯಾರಿಸಿಕೊಟ್ಟಿದ್ದರು. ಹಾಗಾಗಿ “ಎಡಗಾಲು ಸ್ವಲ್ಪ ಸರಿಸು” ಎಂಬ ಮಾತು ಕೂಡ ತೇಗದ ಬೀರುವಿಗೆ ಸವಾಲು ಕರೆದ ಹಾಗೇ ಕೇಳುತ್ತಿತ್ತು.

ಆಸ್ಪತ್ರೆಯವರು ತುಂಬಿಕೊಟ್ಟಿದ್ದ ಸಿದ್ಧ ಮಾತುಗಳನ್ನು, ಅಂದರೆ ‘ನೀರು’, ‘ನೋವು’, ‘ಮಗ್ಗುಲು ಬದಲಿಸಿ’, ‘ಧನ್ಯವಾದ’ ಮುಂತಾದವನ್ನು, ಭಾವ ಒಂದೇ ವಾರಕ್ಕೆ ಅಳಿಸಿಸಿದ. ಸ್ವಂತ ಮಾತಿಲ್ಲದಿದ್ದರೆ ಮೌನವೇ ವಾಸಿ ಎಂಬುದು ಅವನ ಹಟ. ಆದರೆ ಹಸಿರು ಮನೆ ನೋಡಿದ ಮೇಲೂ ಧ್ವನಿ ಕಟ್ಟಿ ಹೊರಗೆ ಬರಲು ಯಂತ್ರಕ್ಕೆ ಮೂರು ಸೆಕೆಂಡು ಬೇಕಾಗುತ್ತಿತ್ತು.

“ಮೂರು ಸೆಕೆಂಡಲ್ಲಿ ಇವಳು ಅಡುಗೆಮನೆ ಸೇರಿರ್ತಾಳೆ,” ಎಂದು ಭಾವ ಸ್ಪೀಡಪ್ಪನಿಗೆ ದೂರು ಕೊಟ್ಟ. “ನಾನು ಗೋಡೆಗೆ ಬೈದ ಹಾಗಾಗುತ್ತೆ. ನಿನ್ನ ಸ್ಪೀಡು ಎಲ್ಲಿ ಹೋಯ್ತೋ?”

ಸ್ಪೀಡಪ್ಪನಿಗೆ ಜೀವಮಾನದಲ್ಲಿ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಅಂಗಡಿಯಲ್ಲಿದ್ದ ಒಳ್ಳೆಯ ಬಿಡಿಭಾಗಗಳನ್ನೆಲ್ಲ ಆಯ್ದು ಹೊಸ ಯಂತ್ರ ಜೋಡಿಸಿದ, ವೇಗ ಏರಿಸಿದ, ಭಾವನ ಮಂಚದ ಪಕ್ಕದ ಮೇಜಿನ ಮೇಲೆ ತಂದಿಟ್ಟ. ಮೂರು ಸೆಕೆಂಡು ಒಂದೂವರೆಗೆ ಇಳಿಯಿತು. ಅಕ್ಕ ಮೊದಲ ದಿನ ಟವೆಲ್ಲಿನಿಂದ ಗಂಡನ ಮುಖ ಒರೆಸಿ, “ಇವತ್ತು ಮುಖ ಕಳೆಕಳೆಯಾಗಿದೆ ಕಣ್ರೀ” ಅಂದಳು. ಅವಳು ಟವೆಲ್ ಮಡಿಸುವಷ್ಟರಲ್ಲಿ “ಸುಳ್ಳು!” ಎಂದು ಹರಾಜಿನ ಧ್ವನಿ ಗುಡುಗಿತು. ಅಕ್ಕ ಅದೇ ಟವೆಲ್ ಬಾಯಿಗೊತ್ತಿಕೊಂಡು ನಕ್ಕಳು. ನಗು ಕೊನೆಯಲ್ಲಿ ಬೇರೇನೋ ಆಗಿ ಒಳಗೆ ಹೋದಳು.

ಆಮೇಲಿನ ತಿಂಗಳುಗಳಲ್ಲಿ ಭಾವ ಮತ್ತೆ ಮೂರು ಸಲ “ತಡ ಆಗ್ತಿದೆ” ಅಂದ. ಮೂರು ಸಲವೂ ಸ್ಪೀಡಪ್ಪ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂತ. ಭಾವನ ಕಣ್ಣು ಹಸಿರು ಮನೆಗೆ ತಾಗಿದೊಡನೆ ಒತ್ತುವುದು, ಧ್ವನಿ ಹೊರಟೊಡನೆ ಮತ್ತೆ ಒತ್ತುವುದು. ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿಸಲು ಪ್ರೊಸೆಸರನ್ನೂ ರ್‍ಯಾಮನ್ನೂ ಇನ್ನಷ್ಟು ಹಿಂಡಿದ. ಪ್ರತಿ ಸಲವೂ ಕೊನೆಗೆ ಭಾವ “ಈಗ ಸರಿ” ಅಂದ. ಪ್ರತಿ ಸಲವೂ ಸ್ಪೀಡಪ್ಪ ಸೈಕಲ್ ಮೇಲೆ ಸಿಳ್ಳೆ ಹಾಕುತ್ತ ಹೋದ.

ಚಳಿ ಬಿದ್ದ ಮೇಲೆ ಯಂತ್ರ ಮುಷ್ಕರ ಹೂಡಿತು.

ಬೆಳಗ್ಗೆ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಎರಡು ಉಸಿರಿಗೆ ನಿಲ್ಲುತ್ತಿತ್ತು. ಮೂರು ಸಲ ಹೀಗಾಗಿ ಆಮೇಲೆ ಮದರ್‌ಬೋರ್ಡಿನ ಮೂಲೆಯಲ್ಲಿ, ರ್‍ಯಾಮ್ ಪಟ್ಟಿಗಳ ಪಕ್ಕ, ಸಾಸಿವೆಯಷ್ಟು ಹಳದಿ ದೀಪ ಹತ್ತಿಕೊಂಡು ಹಾಗೇ ಉಳಿಯುತ್ತಿತ್ತು. ಪರದೆ ಕಪ್ಪು. ಒಂಬತ್ತೂವರೆಗೆ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದ ಮೇಲೆ ಅದೇ ಯಂತ್ರ ಏನೂ ಆಗದ ಹಾಗೆ ಶುರುವಾಗುತ್ತಿತ್ತು. ಆದರೆ ಅಕ್ಕ ಬಸ್ ಡಿಪೋದ ಟಿಕೆಟ್ ಕೌಂಟರಿನ ಗುಮಾಸ್ತೆ, ಎಂಟೂವರೆಗೆ ಮನೆ ಬಿಡುವವಳು. ಹಗಲೆಲ್ಲ ನೋಡಿಕೊಳ್ಳಲು ಬರುವ ಆಯಾ ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನಲ್ಲಿ ಏನೋ ನೋಡುವವಳು. ಸಂಜೆ ಅಕ್ಕ ಬರುವ ಹೊತ್ತಿಗೆ ಭಾವನ ರೆಪ್ಪೆ ಎಳೆಯುತ್ತಿತ್ತು. ಗಂಡಹೆಂಡತಿ ಜಗಳಾಡಲು ಉಳಿದಿದ್ದದ್ದು ಬೆಳಗಿನ ಒಂದೂವರೆ ಗಂಟೆ ಮಾತ್ರ. ಯಂತ್ರ ಹಾಳುಮಾಡಿದ್ದು ಅದನ್ನೇ.

ಯಂತ್ರವಿಲ್ಲದಾಗ ಅಕ್ಕ ಕೈಯಲ್ಲಿ ಅಕ್ಷರಗಳ ರಟ್ಟು ಹಿಡಿದು ಒಂದೊಂದೇ ಸಾಲು ಓದಬೇಕಿತ್ತು, ಬೇಕಾದ ಕಡೆ ಭಾವ ಕಣ್ಣು ಮಿಟುಕಿಸಬೇಕಿತ್ತು. ಅದು ಅವನಿಗೆ ಕೊಂಚವೂ ಇಷ್ಟವಿಲ್ಲ. ಅವಳ ಮೇಲಿನ ಬೈಗುಳವನ್ನು ಅವಳ ಬಾಯಿಂದಲೇ ಹೇಳಿಸಿಕೊಳ್ಳುವುದರಲ್ಲಿ ಏನು ಸುಖ?

ಸ್ಪೀಡಪ್ಪ ಮೊದಲು ರ್‍ಯಾಮ್ ಪಟ್ಟಿಗಳನ್ನು ಕಿತ್ತು, ಅವುಗಳ ಬಂಗಾರದ ಅಂಚು ರಬ್ಬರಿನಿಂದ ಉಜ್ಜಿ ಕೂರಿಸಿದ. ಒಂದು ತೆಗೆದು ಒಂದರಲ್ಲೇ ನೋಡಿದ, ಅದನ್ನು ತೆಗೆದು ಇದರಲ್ಲಿ ನೋಡಿದ. ಮೂರನೆಯ ದಿನ ಅಂಗಡಿಯಿಂದ ಹೊಸ ಜೋಡಿಯನ್ನೇ ತಂದು ಹಾಕಿದ. ನಾಲ್ಕನೆಯ ದಿನ ಪವರ್ ಸಪ್ಲೈ ಬದಲಾಯಿತು. ಐದನೆಯ ದಿನ ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿ, ಶಾಖ ಸಾಗಿಸುವ ಒಣಗಿದ ಪೇಸ್ಟು ಒರೆಸಿ, ಹೊಸದು ಹಚ್ಚಿ ಕೂರಿಸಿದ. ಹಳದಿ ದೀಪ ಕಣ್ಣು ಮಿಟುಕಿಸಲೂ ಇಲ್ಲ.

“ಬೆಚ್ಚಗಾದ್ರೆ ಏಳುತ್ತೆ ಅಂತೀಯಲ್ಲ,” ಎಂದು ಅಕ್ಕ ಆರನೆಯ ದಿನ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಂದಳು. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಐದು ನಿಮಿಷ ಬಿಸಿಗಾಳಿ ಊದಿದಳು. ಶುರುವಾಯಿತು! ಭಾವನ ಕಣ್ಣು ಪರದೆಯ ಮೇಲೆ ಓಡಾಡಿತು. ಸ್ಪೀಡಪ್ಪ ಸ್ಕ್ರೂಗಳನ್ನು ಹೆಕ್ಕುತ್ತಿದ್ದ, ಅಕ್ಕ ಡ್ರೈಯರಿನ ವೈರು ಸುತ್ತಿ ಒಳಗಿಟ್ಟು ಹೊರಟಿದ್ದಳು. ಆಗ ಧ್ವನಿ ಬಂತು.

“ಮದುವೆಯಾಗಿ ಇಪ್ಪತ್ತೆರಡು ವರ್ಷ. ನನಗೊಂದು ದಿನ ಇಷ್ಟು ಬೆಚ್ಚಗೆ ಗಾಳಿ ಹಾಕಿಲ್ಲ ಇವಳು.”

ಸ್ಪೀಡಪ್ಪ ನಕ್ಕ. ಅಕ್ಕ ಆಗಲೇ ಚಪ್ಪಲಿ ಮೆಟ್ಟುತ್ತ, “ಏನಂದ್ರು?” ಎಂದು ಹೊರಗಿನಿಂದ ಕೇಳಿದಳು. ಉತ್ತರಕ್ಕೆ ನಿಲ್ಲಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಏಳನೆಯ ದಿನ ಡ್ರೈಯರಿಗೂ ಯಂತ್ರ ಜಗ್ಗಲಿಲ್ಲ.

“ವೇಗ ಒಂಚೂರು ಇಳಿಸಿದ್ರೆ ಆಗಲ್ವೇನಪ್ಪ?” ಅಕ್ಕ ಮೆಲ್ಲಗೆ ಕೇಳಿದಳು.

“ಇಳಿಸಿದ್ರೆ ಮಾತು ತಡ ಆಗುತ್ತಕ್ಕ.”

“ಈಗ ಮಾತೇ ಇಲ್ಲವಲ್ಲ.”

ಸ್ಪೀಡಪ್ಪ ಸ್ಕ್ರೂ ಡ್ರೈವರಿನ ತುದಿ ನೋಡುತ್ತ ಕೂತ. ಅಂಗಡಿಗೆ ಯಾರಾದರೂ ಇಂಥ ಯಂತ್ರ ತಂದಿದ್ದರೆ ಮೊದಲ ನಿಮಿಷದಲ್ಲೇ ವೇಗ ಇಳಿಸಿ ನೋಡುತ್ತಿದ್ದ. ಚಳಿಯಲ್ಲಿ ಏಳದೆ ಬಿಸಿಲಲ್ಲಿ ಏಳುವ ಯಂತ್ರವೆಂದರೆ ಅಳತೆಗಿಂತ ಹೆಚ್ಚು ಹಿಂಡಿದ ಯಂತ್ರ; ಈ ದಂಧೆಯಲ್ಲಿ ಕಣ್ಣು ಬಿಟ್ಟವರಿಗೆಲ್ಲ ಗೊತ್ತಿರುವ ಸಂಗತಿ. ಅವನಿಗೂ ಮೊದಲ ದಿನವೇ ಗೊತ್ತಿತ್ತು. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬದಲಿಸುತ್ತ ಬಂದಿದ್ದ. ತಾನು ಕೊಟ್ಟ ಒಂದೂವರೆ ಸೆಕೆಂಡನ್ನು ಭಾವನ ಬಾಯಿಂದ ಹಿಂದಕ್ಕೆ ಕಿತ್ತುಕೊಳ್ಳಲು ಕೈ ಬರುತ್ತಿರಲಿಲ್ಲ.

ಎಂಟನೆಯ ದಿನ ಕೈ ಬಂತು. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಎಬ್ಬಿಸಿ, ಯಂತ್ರಕ್ಕೆ ತಾನು ಕಲಿಸಿದ್ದನ್ನೆಲ್ಲ ಮರೆಸಿ, ಮತ್ತೆ ಕೂರಿಸಿ ಗುಂಡಿ ಒತ್ತಿದ. ಫ್ಯಾನು ತಿರುಗಿತು, ತಿರುಗುತ್ತಲೇ ಉಳಿಯಿತು. ಹಳದಿ ದೀಪ ಹತ್ತಿ ಆರಿತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಏರಿಸುತ್ತ ಬಂದು ಎಂಟು ತಿಂಗಳ ಹಿಂದೆ, ಮೊದಲ ದಿನ ಇಟ್ಟಿದ್ದ ವೇಗಕ್ಕೆ ತಂದು ನಿಲ್ಲಿಸಿದ. ಆರಿಸಿ ತೆರೆದ ಕಿಟಕಿಯ ಬಳಿ ಇಟ್ಟು, ತಣ್ಣಗಾದ ಮೇಲೆ ಹಚ್ಚಿದ. ಎದ್ದಿತು. ಮೂರು ಸಲ ಹಾಗೆ ಮಾಡಿದ, ಮೂರು ಸಲವೂ ಎದ್ದಿತು. ಕೊನೆಯ ಮೂರು ಏರಿಕೆಗಳೇ ತಂಟೆಯ ಮೂಲ.

ಹಾಗಾದರೆ ಆ ಮೂರು ಏರಿಕೆಗಳನ್ನು ಬಿಟ್ಟದ್ದರಿಂದ ಭಾವನಿಗೆ ಎಷ್ಟು ನಷ್ಟ? ಲೆಕ್ಕ ನೋಡಿ ಹೇಳೋಣ ಎಂದು ಮಾತಿನ ಪ್ರೋಗ್ರಾಮು ತಾನಾಗಿಯೇ ಬರೆದಿಡುವ ಸಮಯದ ಪಟ್ಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ತಲೆಯ ಮೇಲಿನ ಮೆಟ್ಟಿಲುಗಳಲ್ಲಿ ಯಾರೋ ಹತ್ತುವ ಇಳಿಯುವ ಸದ್ದು. ಪಟ್ಟಿಯಲ್ಲಿ ಪ್ರತಿ ಮಾತಿಗೂ ಒಂದು ಸಾಲು: ಮೊದಲ ಅಕ್ಷರ ಮೂಡಿದ ಹೊತ್ತು, ಕೊನೆಯ ಅಕ್ಷರ ಮೂಡಿದ ಹೊತ್ತು, ಧ್ವನಿ ಹೊರಟ ಹೊತ್ತು. ಹೋಲಿಸಲು ಒಂದೇ ಪದ ಬೇಕಿತ್ತು. ಭಾವ ಹೆಚ್ಚು ಆಡಿದ ಪದ ಯಾವುದು ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಎಂಟು ತಿಂಗಳಲ್ಲಿ ಅವನು ಮನೆಯವರಿಗೆಲ್ಲ ಸೇರಿ ಆರುನೂರ ಹನ್ನೆರಡು ಸಲ ‘ಸುಳ್ಳು’ ಅಂದಿದ್ದ. ಸ, ಕೊಂಬು, ಳ, ಒತ್ತು, ಕೊಂಬು. ಐದು ನೋಟ.

ಧ್ವನಿ ಕಟ್ಟಲು ಯಂತ್ರ ತೆಗೆದುಕೊಂಡ ಕಾಲ ಎಂಟು ತಿಂಗಳ ಹಿಂದೆ ಒಂದೂವರೆ ಸೆಕೆಂಡು. ಮೊದಲ ಏರಿಕೆಯ ನಂತರ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಎರಡನೆಯ, ಮೂರನೆಯ ಏರಿಕೆಗಳ ನಂತರ ಇನ್ನೂ ಕೂದಲೆಳೆಯಷ್ಟು. ನಷ್ಟವೇನೂ ಇಲ್ಲ ಎಂದು ಸಮಾಧಾನವಾಗುವಷ್ಟರಲ್ಲಿ ಅವನ ಕಣ್ಣು ಪಕ್ಕದ ಅಂಕಣಕ್ಕೆ ಜಾರಿತು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗಿನ ಕಾಲ. ಮೊದಲ ತಿಂಗಳು ನಾಲ್ಕು ಸೆಕೆಂಡು. ಮೂರನೆಯ ತಿಂಗಳು ಆರು. ಐದನೆಯ ತಿಂಗಳು ಹತ್ತು. ಹೋದ ತಿಂಗಳು ಹದಿನಾಲ್ಕು. ನಿನ್ನೆ ಮೊನ್ನೆ ಹತ್ತೊಂಬತ್ತು.

ಸ್ಪೀಡಪ್ಪ ಸ್ಟಾಪ್‌ವಾಚನ್ನು ಯಾವತ್ತೂ ಹಸಿರು ಮನೆಯಿಂದ ಶುರುಮಾಡಿದ್ದ. ತನ್ನ ಯಂತ್ರದ ಕೆಲಸ ಎಲ್ಲಿ ಶುರುವೋ ಅಲ್ಲಿಂದ. ಭಾವನ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿರಲಿಲ್ಲ. ಭಾವನ ಕಣ್ಣು ತಡವರಿಸಿದಾಗಲೆಲ್ಲ ಇವನು ಪ್ರೊಸೆಸರ್ ಹಿಂಡಿದ್ದ.

ಪಟ್ಟಿಯಲ್ಲಿ ಇನ್ನೊಂದು ಬಗೆಯ ಸಾಲುಗಳಿದ್ದವು. ಶುರುವಾಗಿ, ಹಸಿರು ಮನೆ ತಲುಪದೆ, ಅಳಿಸಿಹಾಕಿದ ಮಾತುಗಳು. ‘ನೀನೇನು ಕಡ’. ‘ಅವತ್ತು ನಿಮ್ಮಪ್ಪ’. ‘ಸು’. ‘ಸುಳ’. ಮೊದಲ ತಿಂಗಳು ಅಂಥವು ವಾರಕ್ಕೆ ಒಂದೆರಡು. ಈಗ ಆಡಿದ ಪ್ರತಿ ಮಾತಿಗೆ ಆಡದೆ ಬಿಟ್ಟ ಮೂರು. ಹೊತ್ತು ಮೀರಿತು ಅನ್ನಿಸಿದೊಡನೆ ಭಾವ ಅಳಿಸಿಬಿಡುತ್ತಿದ್ದ. ಸ್ಪೀಡಪ್ಪ ನಾಲ್ಕಾರು ಸಾಲು ಓದಿದ. ಆಮೇಲೆ ಬೇರೆಯವರ ಕಾಗದ ಒಡೆದು ಓದಿದ ಹಾಗೆನಿಸಿ ಮುಚ್ಚಿದ. ಅವತ್ತು ಅಂಗಡಿಯ ಶಟರು ಮೂರು ಗಂಟೆಗೇ ಎಳೆದ.

ಒಂಬತ್ತನೆಯ ದಿನ ಬಾಗಿಲು ತೆಗೆದ ಅಕ್ಕನ ಮುಖ ಅರಳಿತ್ತು.

“ಒಂದೇ ಸಲಕ್ಕೆ ಎದ್ದುಬಿಡ್ತು ಕಣಪ್ಪ! ಇನ್ಯಾಕೆ ಬಂದೆ?”

“ಸುಮ್ನೆ ಅಕ್ಕ. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ.”

ಅವಳು ಮಿಕ್ಸಿಯ ಕಡೆ ಹೋದಳು. ಗಂಡನ ಹೊಟ್ಟೆಯ ನಳಿಕೆಗೆ ಹಾಕುವುದನ್ನು ನುಣ್ಣಗೆ ಅರೆಯಬೇಕಿತ್ತು. ಮಿಕ್ಸಿಯ ಗದ್ದಲದಲ್ಲಿ ಇಬ್ಬರು ಭಾವಂದಿರೂ ಪರದೆಯ ಎದುರು ಉಳಿದರು. ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ಸ್ಪೀಡಪ್ಪ ಮೊದಲ ಸಲ, ಮೊದಲಿನಿಂದ ನೋಡಿದ. ಕಣ್ಣು ಬೇಕಾದ ಮನೆಯವರೆಗೆ ಹೋಗುತ್ತಿತ್ತು, ಅಲ್ಲಿ ನಿಲ್ಲಲಾರದೆ ಪಕ್ಕದ ಮನೆಗೆ ಜಾರುತ್ತಿತ್ತು, ಮತ್ತೆ ಎಳೆದು ತರಬೇಕಿತ್ತು.

“ಎಷ್ಟು ಇಳಿಸಿದೆ?” ಧ್ವನಿ ಮಾತ್ರ ಯಾವತ್ತಿನದೇ, ತುಂಬಿದ ಹಜಾರದ್ದು.

“ಇಳಿಸಿಲ್ಲ ಭಾವ. ಒಂದು ಕನೆಕ್ಷನ್ ಸಡಿಲ ಇತ್ತು.”

ಸ. ಕೊಂಬು. ಳ. ಅಳಿಸಿತು. ಳ. ಒತ್ತು. ಕೊಂಬು. ಸ್ಪೀಡಪ್ಪ ಬೇಡವೆಂದರೂ ಒಳಗೊಳಗೇ ಎಣಿಸಿದ.

“ಸುಳ್ಳು!”

“ಹೂಂ. ಇಳಿಸಿದೆ. ಮೊದಲ ದಿನ ಇಟ್ಟಿದ್ದಷ್ಟಕ್ಕೆ ತಂದಿದೀನಿ.”

“ತಡ ಯಾರದು ಅಂತ ಗೊತ್ತಾಯ್ತಾ?”

“ನಿನಗೆ ಯಾವಾಗ ಗೊತ್ತಾಯ್ತು?”

“ನೀನು ಎರಡನೇ ಸಲ ಏರಿಸಿದಾಗ.”

“ಮತ್ತೆ ಈಗ ಸರಿ, ಈಗ ಸರಿ ಅಂತಿದ್ದೆಯಲ್ಲ ಭಾವ! ನಾನು ಕತ್ತೆ ಥರ ಸ್ಟಾಪ್‌ವಾಚ್ ಹಿಡ್ಕೊಂಡು...”

ಈ ಉತ್ತರಕ್ಕೆ ಬಹಳ ಹೊತ್ತು ಹಿಡಿಯಿತು. ಮಿಕ್ಸಿ ನಿಂತಿತು, ಅಕ್ಕ ಪಾತ್ರೆ ತೊಳೆದಳು, ನಲ್ಲಿ ನಿಂತಿತು.

“ಸವಾಲು ಏರ್ತಾ ಇತ್ತು. ಸುತ್ತಿಗೆ ಹೊಡೆಯೋಕೆ ಮನಸ್ಸು ಬರಲಿಲ್ಲ.”

ಅಕ್ಕ ಮತ್ತೆ ಮಿಕ್ಸಿ ತಿರುಗಿಸಿದಾಗ ಇನ್ನೊಂದು: “ಅವಳಿಗೆ ಹೇಳಬೇಡ. ಕಾಯೋಕೆ ಶುರು ಮಾಡ್ತಾಳೆ.”

ಕಾದರೆ ಏನು ತಪ್ಪು ಎಂದು ಸ್ಪೀಡಪ್ಪನಿಗೆ ಅರ್ಥವಾಗಲಿಲ್ಲ. ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ನಳಿಕೆಯ ಮುಚ್ಚಳ ತೆಗೆದಳು. ಅರೆದದ್ದನ್ನು ನಿಧಾನವಾಗಿ ಹೊಯ್ಯುತ್ತ ಗಂಡನ ಮುಖ ನೋಡಿ ಹೇಳಿದಳು: “ಅಂತೂ ನಿಮ್ಮ ತಂಗಿ ಗಂಡ ಗೆದ್ದುಬಿಟ್ಟ. ಇನ್ನು ಬೆಳಬೆಳಗ್ಗೆ ನನ್ನ ತಲೆ ತಿನ್ನೋಕೆ ನಿಮಗೆ ಅಡ್ಡಿ ಇಲ್ಲ ಬಿಡಿ.” ಹೇಳಿದವಳು ಕೆಲಸ ಮುಗಿಸಿ ಪಾತ್ರೆ ಎತ್ತಿಕೊಂಡು ತಿರುಗಿದಳು. ಭಾವನ ಕಣ್ಣು ಆಗಲೇ ಅಕ್ಷರಗಳ ಮೇಲಿತ್ತು.

“ಅಕ್ಕ, ಒಂದ್ನಿಮಿಷ,” ಸ್ಪೀಡಪ್ಪ ತಡೆಯಲಾರದೆ ಅಂದ. “ನಿಲ್ಲು. ಭಾವ ಏನೋ ಹೇಳ್ತಿದಾನೆ.”

ಅವಳು ನಿಂತಳು. ಇಬ್ಬರೂ ಪರದೆಯನ್ನೇ ನೋಡಿದರು. ‘ತ’ ಮೂಡಿತು. ‘ತಲೆ’ ಆಯಿತು. ‘ತಲೆ ಇ’ ಬಂದಾಗಲೇ ಮುಂದಿನದೆಲ್ಲ ಗೋಡೆಯ ಮೇಲೆ ಬರೆದ ಹಾಗಿತ್ತು. ಅಕ್ಕನಿಗೂ ಗೊತ್ತಾಯಿತು, ಸ್ಪೀಡಪ್ಪನಿಗೂ ಗೊತ್ತಾಯಿತು. ಗೊತ್ತಾದ ಮೇಲೂ ಮುಕ್ಕಾಲು ನಿಮಿಷ, ಕೈಯಲ್ಲಿ ಪಾತ್ರೆ ಹಿಡಿದು, ಬಾಯಲ್ಲಿ ಅರ್ಧ ನಗು ಹಿಡಿದು ನಿಲ್ಲಬೇಕಾಯಿತು.

“ತಲೆ ಇದ್ರೆ ತಾನೆ!”

“ಹೂಂ ಮತ್ತೆ,” ಎಂದಳು ಅಕ್ಕ. ನಕ್ಕಳು. ಕೌಂಟರಿನಲ್ಲಿ ಚಿಲ್ಲರೆ ವಾಪಸು ಕೊಡುವಾಗ ಪ್ರಯಾಣಿಕರಿಗೆಲ್ಲ ಕೊಡುವ ನಗು ಅದು. ಭಾವನ ದೃಷ್ಟಿ ಪರದೆಯಿಂದ ಇಳಿದು ಸ್ಪೀಡಪ್ಪನ ಮೇಲೆ ಕೂತಿತು. ಅದಕ್ಕೆ ಅಕ್ಷರ ಬೇಕಿರಲಿಲ್ಲ.

ಎಂಟು ಇಪ್ಪತ್ತೈದಕ್ಕೆ ಅಕ್ಕ ಒಂದೇ ಉಸಿರಿನಲ್ಲಿ ಮನೆ ಬಿಡುವ ಮಾತುಗಳನ್ನೆಲ್ಲ ಆಡಿದಳು. ಮಾತ್ರೆ ಕಪಾಟಿನ ಮೇಲಿದೆ, ಹನ್ನೊಂದಕ್ಕೆ ಬಲಮಗ್ಗುಲು, ಆಯಾ ಇನ್ನೇನು ಬರ್ತಾಳೆ, ಸ್ಪೀಡಪ್ಪ, ಅವಳು ಬರೋವರೆಗೆ ಇರು, ಕಿಟಕಿ ಹಾಕಿರಲಿ, ನೀವು ಓಡಿಗೀಡಿ ಹೋಗ್ಬೇಡಿ ಆಯ್ತಾ, ನಾನು ಬಂದೆ, ನಲ್ಲಿ ನಿಲ್ಲಿಸಿದೀನಿ ತಾನೆ, ಹೂಂ ನಿಲ್ಲಿಸಿದೀನಿ. ಬಾಗಿಲು ಎಳೆದ ಸದ್ದಾಯಿತು. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬೀದಿ ಸೇರಿತು.

ಭಾವ ಬರೆಯುತ್ತಿದ್ದ. ಸ್ಪೀಡಪ್ಪ ಪೆಟ್ಟಿಗೆಯ ಪಕ್ಕದ ಮುಚ್ಚಳ ಹಿಡಿದು ನಿಂತಿದ್ದ, ತಿರುಗಿ ನೋಡುವ ಧೈರ್ಯವಾಗಲಿಲ್ಲ. ಎರಡು ಮೂರು ನಿಮಿಷದ ಮೇಲೆ ಖಾಲಿ ಕೋಣೆಯಲ್ಲಿ ಧ್ವನಿ ಮೊಳಗಿತು.

“ಓಡಿದ್ರೆ ನೀನು ಹಿಡೀತೀಯಾ, ಆ ಮಂಡಿ ಇಟ್ಕೊಂಡು?”

ಸ್ಪೀಡಪ್ಪ ಮುಚ್ಚಳವನ್ನು ಮಂಚದ ಮೇಲೆ ಎಸೆದು ಓಡಿದ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಇಸ್ತ್ರಿ ಅಂಗಡಿ ದಾಟಿ, ಶಾಲೆಯ ಕಾಂಪೌಂಡು ದಾಟಿ, ಎದುರಿಗೆ ಬಂದ ಆಯಾಳನ್ನು ದಾಟಿ, ಏದುಸಿರು ಬಿಡುತ್ತ ಬಸ್ ನಿಲ್ದಾಣ ತಲುಪಿದ. ಎಂಟು ಜನರ ಸಾಲಿನಲ್ಲಿ ಅಕ್ಕ ನಾಲ್ಕನೆಯವಳು. ಬರಿಗಾಲಲ್ಲಿ ಓಡಿ ಬರುತ್ತಿರುವ ಇವನನ್ನು ನೋಡಿದವಳೇ ಸಾಲು ಬಿಟ್ಟು ಎದುರು ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

“ಏನಾಯ್ತು? ಅವರಿಗೇನಾಯ್ತೋ? ಬೇಗ ಹೇಳು!”

“ಏನಿಲ್ಲಕ್ಕ, ಏನೂ ಆಗಿಲ್ಲ. ಭಾವ ಹೇಳಿದ...” ಉಸಿರು ಎಳೆದುಕೊಂಡ. “ಓಡಿದ್ರೆ ನೀನು ಹಿಡೀತೀಯಾ, ಆ ಮಂಡಿ ಇಟ್ಕೊಂಡು, ಅಂತ.”

ಆ ಮಾತು ಅವನ ಬಾಯಲ್ಲಿ ಯಾವುದೋ ವಿಳಾಸ ಓದಿದ ಹಾಗೆ ಬಂತು. ಅಕ್ಕ ಅವನನ್ನೇ ನೋಡಿದಳು.

“ಯಾರು ಓಡಿದ್ರೆ?”

“ಭಾವ. ನೀನು ಹೊರಡುವಾಗ ಹೇಳಿದೆಯಲ್ಲ, ಓಡಿಗೀಡಿ ಹೋಗ್ಬೇಡಿ ಅಂತ. ಅದಕ್ಕೆ.”

“ನಾನು ಹಾಗಂದ್ನಾ?” ಅವಳು ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಅದು ಮೇಲೆ ಕೆಳಗೆ ಹೋಗುತ್ತಿತ್ತು. “ಅಷ್ಟಕ್ಕೆ ಹೀಗೆ ಓಡಿ ಬಂದ್ಯಾ? ನನ್ನ ಜೀವವೇ ಹೋದಂಗಾಯ್ತಲ್ಲೋ.”

ಬಸ್ಸು ಬಂತು. ಸಾಲಿನಲ್ಲಿ ಅವಳ ಜಾಗ ಹೋಗಿತ್ತು, ಕೊನೆಯವಳಾಗಿ ಕಂಬಿ ಹಿಡಿದು ಹತ್ತಿದಳು. ಹತ್ತುವಾಗ ಮಂಡಿಗೆ ಒಂದು ಕೈ ಕೊಟ್ಟುಕೊಂಡಳು. ಕಿಟಕಿಯಿಂದ ಇವನ ಕಾಲು ನೋಡಿ, “ಚಪ್ಪಲಿ ಹಾಕ್ಕೊಳೋ” ಎಂದದ್ದು ಮಾತ್ರ ಕೇಳಿತು.

ಮನೆಗೆ ಬಂದಾಗ ಆಯಾ ಕಿಟಕಿ ತೆರೆದು ಹಾಸಿಗೆ ಸರಿಮಾಡುತ್ತಿದ್ದಳು, ಕಿವಿಯಲ್ಲಿ ವೈರು. ಭಾವ ಇವನಿಗಾಗಿ ಕಾಯುತ್ತಿದ್ದ ಅನ್ನುವುದು ಪರದೆಯಿಂದಲೇ ತಿಳಿಯಿತು. ಬಾಗಿಲ ಸದ್ದಿಗೆ ಕಣ್ಣು ಅಕ್ಷರಗಳ ಮೇಲೆ ಹೊರಟಿತು. ನ. ಕ. ಒತ್ತು ಜಾರಿತು. ಅಳಿಸಿತು. ಕ. ಒತ್ತು. ಪ್ರಶ್ನೆ ಏನೆಂದು ಸ್ಪೀಡಪ್ಪನಿಗೆ ಎರಡನೆಯ ಅಕ್ಷರಕ್ಕೇ ಗೊತ್ತಾಗಿತ್ತು. ಹೊಟ್ಟೆ ಹಿಡಿದು ನಕ್ಕಳು ಎನ್ನಬಹುದು. ಇಲ್ಲ ಎನ್ನಬಹುದು. ಎರಡು ಉತ್ತರವನ್ನೂ ಬಾಯಲ್ಲಿ ತಯಾರು ಮಾಡಿಟ್ಟುಕೊಂಡು, ಮತ್ತೆ ಮತ್ತೆ ಬದಲಿಸಿಕೊಂಡು, ಪ್ರಶ್ನೆ ಮುಗಿಯುವವರೆಗೆ ಬರಿಗಾಲಿನಲ್ಲಿ ನಿಂತ. ತಣ್ಣನೆಯ ನೆಲ ಅಂಗಾಲಿನಿಂದ ಮೇಲೇರುತ್ತಿತ್ತು.

“ನಕ್ಕಳಾ?” ಇಡೀ ಹಜಾರಕ್ಕೆ ಕೇಳುವ ಹಾಗೆ ಧ್ವನಿ ಬಂತು. ಆಯಾ ಕೂಡ ತಿರುಗಿ ನೋಡಿದಳು.

“ಇಲ್ಲ ಭಾವ. ಹೆದರಿಕೊಂಡಳು.”

ಭಾವ ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ತೆರೆದು ಮತ್ತೆ ಅಕ್ಷರಗಳ ಕಡೆ ನೋಡಿದ. ‘ನಾಳೆ’ ಎಂದು ಬರೆದ. ಸ್ವಲ್ಪ ತಡೆದು ‘ಇನ್ನೂ’ ಎಂದು ಬರೆದ. ಮುಂದಿನ ಅಕ್ಷರದ ಬಳಿ ನೋಟ ನಿಲ್ಲದೆ ಜಾರಿತು, ಹತ್ತಿತು, ಜಾರಿತು. ಕೊನೆಗೆ ರೆಪ್ಪೆಗಳೇ ಬಿದ್ದವು. ಎರಡು ಪದ ಹಸಿರು ಮನೆ ಮುಟ್ಟದೆ ಪರದೆಯ ಮೇಲೆ ಉಳಿದವು. ನಾಳೆ ಇನ್ನೂ ಏನು ಎಂದು ಸ್ಪೀಡಪ್ಪ ಊಹಿಸಲು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು, ಆಯಾ ತೆರೆದ ಕಿಟಕಿಯನ್ನು ಮುಚ್ಚಿ, ಮುಂದಿನ ಅಕ್ಷರಕ್ಕಾಗಿ ಕೂತ.